ಬೊಕ್ಸಿಮಳ ಎಡಗಡೆ

ಬೊಲ್ಗ್ಯೊ ಪೇಟೆಯ ಬಸ್ ನಿಲ್ದಾಣದಿಂದ ಸಂತೆಗೆ ಇಳಿಯುವ ಓಣಿಯ ತಿರುವಿನಲ್ಲಿ ಬೊಕ್ಸಿಮಳ ಪಾರ್ಲರು. ಗಾಜಿನ ಬಾಗಿಲಿಗೆ ಅಂಟಿಸಿದ ಸುಂದರಿಯ ಚಿತ್ರ ಬಿಸಿಲಿಗೆ ಮಾಸಿ ನೀಲಿಯಾಗಿತ್ತು. ಆ ಸುಂದರಿಯಂತೆ ತಲೆ ಮಾಡಿಸಿಕೊಳ್ಳುವವರು ಯಾರೂ ಒಳಗೆ ಬರುತ್ತಿರಲಿಲ್ಲ. ಬರುತ್ತಿದ್ದವರು ಗದ್ದೆಯಲ್ಲೂ, ಕಪ್ಪೆಚಿಪ್ಪು ಹೆಕ್ಕುವ ಸಮುದ್ರದ ಕೆಸರಿನಲ್ಲೂ ದುಡಿಯುವ ಮುದುಕಿಯರು. ಅವರೆಲ್ಲರದ್ದೂ ಒಂದೇ ತಲೆ: ಗಿಡ್ಡ ಕೂದಲು, ಅಚ್ಚ ಕಪ್ಪು ಬಣ್ಣ, ಕಾಳುಮೆಣಸು ಅಂಟಿಸಿದ ಹಾಗೆ ಬಿಗಿಯಾದ ಗುಂಗುರು. ಗುಂಗುರು ಬಿಗಿಯಾದಷ್ಟೂ ಬಾಳಿಕೆ ಹೆಚ್ಚು ಎಂಬುದು ಅವರ ಲೆಕ್ಕ.

ಸಂತೆಯ ದಿನ ಒಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ತಲೆಗೆ ರೋಲರ್ ಸುತ್ತಿಸಿಕೊಂಡು, ಮೇಲೊಂದು ಪ್ಲಾಸ್ಟಿಕ್ ಟೋಪಿ ಹಾಕಿಕೊಂಡ ಮುದುಕಿಯರು ಹಿಂದಿನ ಕೋಣೆಯ, ಅಡಿಯಲ್ಲಿ ಬಿಸಿನೀರು ಹರಿದು ಕಾದ ನೆಲದ ಮೇಲೆ ಸಾಲಾಗಿ ಉರುಳಿಕೊಂಡು, ಬೇಯಿಸಿದ ಗೆಣಸು ತಿನ್ನುತ್ತ ಸೊಸೆಯರ ಮಾತಾಡುತ್ತಿದ್ದರು. ನಡುವೆ ಬೊಕ್ಸಿಮ್ ಬುಗುರಿಯ ಹಾಗೆ ತಿರುಗುತ್ತಿದ್ದಳು.

"ಅಜ್ಜೀ, ಈ ವಯಸ್ಸಲ್ಲಿ ಇಷ್ಟು ಕೂದಲಾ? ಯಾರಿಗಾದ್ರೂ ಸಾಲ ಕೊಡಿ ಸ್ವಲ್ಪ."

"ಹೋಗೇ, ನೆತ್ತಿ ಕಾಣ್ತಾ ಇದೆ, ನಿಂಗೆ ತಮಾಷೆ."

"ನೆತ್ತಿ ಕಾಣೋದು ಬುದ್ಧಿವಂತರಿಗೆ ಅಜ್ಜೀ. ಮಂತ್ರಿಗಳನ್ನ ನೋಡಿ ಬೇಕಾದ್ರೆ."

ಅವಳ ಕತ್ತರಿಗಿಂತ ಅವಳ ಬಾಯಿಗೇ ಗಿರಾಕಿ ಹೆಚ್ಚು. ಆದರೆ ಊರಿನವರು ನಿಜವಾಗಿ ನಂಬಿದ್ದು ಅವಳ ಕಿವಿಯನ್ನು. ತಲೆ ತೊಳೆಯುವ ತೊಟ್ಟಿಗೆ ಕತ್ತು ಚಾಚಿ, ಕಣ್ಣು ಮುಚ್ಚಿ ಮಲಗಿ, ಬೆಚ್ಚನೆಯ ನೀರು ಬೀಳುತ್ತಿದ್ದರೆ ಹೆಂಗಸರು ಬೇರೆಲ್ಲೂ ಹೇಳದ್ದನ್ನು ಹೇಳಿಬಿಡುತ್ತಾರೆ. ಯಾರ ಮಗನಿಗೆ ಯಾವ ಕಾಯಿಲೆ, ಯಾರ ಸೊಸೆ ಯಾಕೆ ತವರಿಗೆ ಹೋದಳು, ಎಲ್ಲವೂ ಬೊಕ್ಸಿಮಳಿಗೆ ಗೊತ್ತು. ಬಾವಿಗೆ ಬಿದ್ದ ಕಲ್ಲಿನಂತೆ ಅದು ಅಲ್ಲೇ ತಳ ಸೇರುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಒಂದು ಮಾತೂ ಹೊರಗೆ ಬಿದ್ದಿರಲಿಲ್ಲ.

ಗಂಡ ಚಾಂಗ್‌ಮುಕ್ ಮನೆ ಬೆಚ್ಚಗಿಡುವ ಬಾಯ್ಲರ್‌ಗಳ ರಿಪೇರಿ ಮಾಡುವವನು. ಮಾತು ಕಡಿಮೆ. ಮನೆಯಲ್ಲಿ ಮಾತಾಡುವ ಕೆಲಸವನ್ನು ಹೆಂಡತಿಗೆ ಒಪ್ಪಿಸಿ ನೆಮ್ಮದಿಯಾಗಿದ್ದ. ಒಬ್ಬಳೇ ಮಗಳು ದಾಸೊಮ್, ಸುನ್‌ಚನ್ ನಗರದಲ್ಲಿ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು.

ಆ ವರ್ಷ ನವೆಂಬರ್ ಕೊನೆಗೆ ಗಂಡ ಹೆಂಡತಿ ಇಬ್ಬರೂ ಚಾಂಗ್‌ಮುಕ್‌ನ ಅಣ್ಣನ ಮನೆಗೆ ಚಳಿಗಾಲದ ಕಿಮ್ಚಿ ಹಾಕಲು ಹೋಗಿದ್ದರು. ದಿನವಿಡೀ ಎಲೆಕೋಸಿಗೆ ಮೆಣಸಿನಕಾಯಿ, ಬೆಳ್ಳುಳ್ಳಿಯ ಕೆಂಪು ಮಸಾಲೆ ತುಂಬಿ, ತಮ್ಮ ಪಾಲಿನ ಡಬ್ಬಗಳನ್ನು ಕಾರಿನ ಹಿಂದಿನ ಸೀಟಿನ ಮೇಲಿಟ್ಟುಕೊಂಡು ಹೊರಟರು. ಇನ್ನೂ ಬೆಳಕಿತ್ತು. ಬೊಕ್ಸಿಮ್ ಗಾಡಿ ಓಡಿಸುತ್ತಿದ್ದ ಗಂಡನ ಬಲಗಡೆಯ ಸೀಟಿನಲ್ಲಿ ಕೂತು, ಓರಗಿತ್ತಿ ಮಸಾಲೆಗೆ ಮೀನಿನ ರಸ ಜಾಸ್ತಿ ಸುರಿದದ್ದನ್ನು ಆಡಿಕೊಳ್ಳುತ್ತಿದ್ದಳು. "ನಿಮ್ಮ ಅತ್ತಿಗೆ ಇದಾರಲ್ಲ, ಅವರು ಯಾವತ್ತೂ..." ಎಂದಳು. ಅಷ್ಟರಲ್ಲಿ ಬಲಗಡೆಯ ಅಡ್ಡದಾರಿಯಿಂದ ಮೂಲಂಗಿ ಲಾರಿಯೊಂದು ನಿಲ್ಲದೆ ನುಗ್ಗಿ ಬಂದು ಅವಳ ಬಾಗಿಲಿಗೆ ಗುದ್ದಿತು.

ಚಾಂಗ್‌ಮುಕ್‌ನ ಹೆಗಲ ಮುಂದಿನ ಎಲುಬು ಮುರಿಯಿತು, ಅಷ್ಟೇ. ಕಾರನ್ನು ಕತ್ತರಿಸಿ ಬೊಕ್ಸಿಮಳನ್ನು ತೆಗೆದ ಅಗ್ನಿಶಾಮಕದವರು ಮೊದಲು ಆಸೆಯನ್ನೇ ಬಿಟ್ಟಿದ್ದರಂತೆ. ತಲೆಯಿಂದ ಕಾಲಿನವರೆಗೆ ಕೆಂಪು. ಅವರಲ್ಲೊಬ್ಬ ಆಮೇಲೆ ಅವಳ ಅಂಗಡಿಗೇ ಕೂದಲು ಕತ್ತರಿಸಿಕೊಳ್ಳಲು ಬಂದಾಗ ಹೇಳಿದ: "ರಕ್ತ ಯಾವ್ದು ಮೆಣಸಿನಕಾಯಿ ಯಾವ್ದು ಗೊತ್ತಾಗ್ಲಿಲ್ಲ ಅಕ್ಕ. ಬೆಳ್ಳುಳ್ಳಿ ವಾಸನೆ ಹೊಡೆದ ಮೇಲೇನೇ ನಮಗೆ ಜೀವ ಬಂದಿದ್ದು."

ಗ್ವಾಂಗ್ಜುವಿನ ದೊಡ್ಡ ಆಸ್ಪತ್ರೆಯಲ್ಲಿ ತಲೆಬುರುಡೆಯ ಬಲಭಾಗ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದರು. ಬಹಳ ದಿನ ಅವಳು ಕಣ್ಣು ಬಿಡಲಿಲ್ಲ. ಬಿಟ್ಟ ಮೇಲೂ ಯಾರನ್ನೋ ನೋಡುವಂತೆ ಎಲ್ಲರನ್ನೂ ನೋಡಿದಳು. ಆಮೇಲೆ ಹೆಸರು ಬಂತು, ಊರು ಬಂತು, ಮಾತು ಬಂತು. ಎಡಗೈ ಎಡಗಾಲು ಸೋತಿದ್ದವು. ಅವೂ ದಿನ ಕಳೆದಂತೆ ಬಂದವು. ಗಂಡನೂ ಮಗಳೂ ದೇವರೆಂಬವನೊಬ್ಬ ಇದ್ದಾನೆ ಅಂದುಕೊಂಡರು.

ಒಂದು ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕೂತಿದ್ದವಳು ಚಮಚ ಕೆಳಗಿಟ್ಟು, "ಈ ಆಸ್ಪತ್ರೇಲಿ ಹೊಟ್ಟೆ ತುಂಬ ಅನ್ನ ಹಾಕಲ್ಲ" ಎಂದಳು.

ದಾಸೊಮ್ ನೋಡಿದಳು. ಬಟ್ಟಲಿನ ಬಲಭಾಗದ ಅನ್ನ ನೀಟಾಗಿ ಖಾಲಿಯಾಗಿತ್ತು. ಎಡಭಾಗದ ಅನ್ನ, ಗೋಡೆ ಕಟ್ಟಿದ ಹಾಗೆ, ಒಂದು ಅಗುಳೂ ಅಲುಗದೆ ನಿಂತಿತ್ತು. ತಟ್ಟೆಯ ಎಡಬದಿಯ ಮೀನನ್ನೂ ಮುಟ್ಟಿರಲಿಲ್ಲ. ದಾಸೊಮ್ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು.

"ಅರೆ, ಇದ್ಯಾವಾಗ ತಂದೆ?" ಎಂದು ಬೊಕ್ಸಿಮ್ ಮತ್ತೆ ಚಮಚ ಎತ್ತಿಕೊಂಡಳು.

ಡಾಕ್ಟರು ಚಾಂಗ್‌ಮುಕ್‌ನನ್ನು ಕೂರಿಸಿ ಹೇಳಿದರು. ಕಣ್ಣಿಗೆ ಏನೂ ಆಗಿಲ್ಲ. ಕಣ್ಣು ಎಡಗಡೆಯದನ್ನೂ ನೋಡುತ್ತದೆ. ಆದರೆ ಮೆದುಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಕೆಯ ಪಾಲಿಗೆ ಎಡಗಡೆ ಎಂಬುದೇ ಇಲ್ಲ.

"ಇಲ್ಲ ಅಂದ್ರೆ ಹೇಗೆ ಡಾಕ್ಟ್ರೇ? ಕತ್ಲೆ ಥರಾನಾ?"

"ನಿಮ್ಮ ಬೆನ್ನ ಹಿಂದೆ ಈಗ ಕತ್ಲೆ ಇದೆಯಾ?"

ಚಾಂಗ್‌ಮುಕ್ ಯೋಚಿಸಿದ. "ಇಲ್ಲ. ಅಲ್ಲಿ... ಏನೂ ಇಲ್ಲ."

"ಹಾಗೆ."

ಇನ್ನೊಂದು ಸಂಗತಿಯನ್ನೂ ಡಾಕ್ಟರು ಹೇಳಿದ್ದರು: ಸ್ವಭಾವ ಬದಲಾಗಬಹುದು, ಬೇಗ ದಣಿಯಬಹುದು, ಅಳು ನಗು ಸಿಟ್ಟು ಮೊದಲಿನಂತೆ ಬರದಿರಬಹುದು. ಚಾಂಗ್‌ಮುಕ್ ಎಡಗಡೆಯ ಬೆರಗಿನಲ್ಲೇ ಇದ್ದುದರಿಂದ ಅದು ಅವನ ಕಿವಿಗೆ ಸರಿಯಾಗಿ ಬೀಳಲಿಲ್ಲ.

ಚೆರ್ರಿ ಹೂ ಉದುರುವ ಹೊತ್ತಿಗೆ ಬೊಕ್ಸಿಮ್ ಮನೆಗೆ ಬಂದಳು. ಹೊಲಿಗೆಯ ಗುರುತನ್ನು ಹೊಸ ಕೂದಲು ಮುಚ್ಚಿತ್ತು. ಬಂದು ನೋಡಿದವರೆಲ್ಲ ಒಂದೇ ಮಾತು ಹೇಳಿದರು: "ಏನೂ ಆಗೇ ಇಲ್ವಲ್ಲೇ! ಮುಖ ಮೊದಲಿಗಿಂತ ಕಳೆಕಳೆಯಾಗಿದೆ." ಕೈ ಮುರಿದಿದ್ದರೆ ಕಟ್ಟಾದರೂ ಕಾಣುತ್ತಿತ್ತು. ಬಾಗಿಲು ದಾಟುವಾಗಲೆಲ್ಲ ಅವಳ ಎಡಭುಜ ಚೌಕಟ್ಟಿಗೆ ಬಡಿಯುವುದು, ಬಾಯಿಯ ಬಲ ಅರ್ಧಕ್ಕೆ ಮಾತ್ರ ಲಿಪ್‌ಸ್ಟಿಕ್ ಇರುವುದು, ಜಾಕೆಟ್ಟಿನ ಎಡತೋಳು ಹಿಂದೆ ಜೋತಾಡುವುದು ಮನೆಯವರಿಗಷ್ಟೇ ಗೊತ್ತು. ಒಂದು ತಾಸು ಮಾತಾಡಿದರೆ ಸ್ವಿಚ್ ಆರಿಸಿದ ಹಾಗೆ ಕುಸಿದು ಮಲಗಿಬಿಡುತ್ತಿದ್ದಳು. ಟಿವಿ, ನಲ್ಲಿಯ ನೀರು, ಮಾತು, ಮೂರೂ ಒಟ್ಟಿಗೆ ಕೇಳಿದರೆ ಕಿವಿ ಮುಚ್ಚಿಕೊಂಡು ಗೋಡೆಗೆ ಮುಖ ಮಾಡುತ್ತಿದ್ದಳು.

ಆದರೂ ಅಂಗಡಿ ತೆರೆಯುತ್ತೇನೆಂದು ಹಟ ಹಿಡಿದಳು. ಹಟ ಎನ್ನುವುದೂ ತಪ್ಪೇ. ಹಟಕ್ಕೆ ಬಿಸಿ ಬೇಕು. ಅವಳು ತಣ್ಣಗೆ, "ನಾಳೆ ತೆಗೀತೀನಿ" ಎಂದಳು, ಮರುದಿನ ಹೋಗಿ ತೆಗೆದಳು.

ಮೊದಲು ಬಂದವನು ಹಂದಿಮಾಂಸದಂಗಡಿಯ ಬಾಂಗ್. ದಪ್ಪ ಮನುಷ್ಯ, ಕೂತಲ್ಲೇ ತೂಕಡಿಸುವವನು. ಕತ್ತರಿಯ ಸದ್ದಿಗೆ ಕಣ್ಣು ಮುಚ್ಚಿದ. "ಆಯ್ತು" ಎಂದ ಕೂಡಲೇ ಎದ್ದು, ಕನ್ನಡಿಯತ್ತ ನೋಡದೆ ನೇರ ಊರಿನ ಸಾರ್ವಜನಿಕ ಸ್ನಾನದ ಮನೆಗೆ ಹೋದ. ಊರಿನ ಗಂಡಸರೆಲ್ಲ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತಿದ್ದರು. ಬಾಂಗ್ ಒಳಗೆ ಬರುತ್ತಿದ್ದಂತೆ ಒಬ್ಬ ನಗಲು ಶುರುಮಾಡಿದ, ಆಮೇಲೆ ತೊಟ್ಟಿಗೆ ತೊಟ್ಟಿಯೇ ನಕ್ಕಿತು. ಅವನ ತಲೆಯ ಬಲಭಾಗ ಸೈನಿಕನದಾಗಿತ್ತು, ಎಡಭಾಗ ಪೊದೆ.

ಅವನು ಮೈ ಒರೆಸಿಕೊಂಡು ವಾಪಸ್ ಬಂದ. "ಏನ್ ತಾಯೀ, ಉಳಿದರ್ಧ ಬರೋ ಸಂತೆಗಾ?"

ಬೊಕ್ಸಿಮ್ ಅವನ ಸುತ್ತ ಬಂದು ನೋಡಿದಳು. "ಕೂತ್ಕೋ" ಎಂದಳು. ಮೊದಲಾಗಿದ್ದರೆ ಈ ಒಂದು ಸಂಗತಿಯಿಂದ ತಿಂಗಳಿಡೀ ಅಂಗಡಿ ನಗುತ್ತಿತ್ತು. ಈಗ ನಕ್ಕಿದ್ದು ಬಾಂಗ್ ಒಬ್ಬನೇ.

ಆ ವಾರ ದಾಸೊಮ್ ರಜೆ ಹಾಕಿ ಬಂದಳು. ಚಾಂಗ್‌ಮುಕ್ ಅಂಗಡಿಯ ಸಾಮಾನೆಲ್ಲ ಬಲಗಡೆಗೆ ಸಾಗಿಸುತ್ತಿದ್ದ. ದಾಸೊಮ್ ಬೇಡವೆಂದು ತಡೆದಳು. ಎಡಗಡೆಯೇ ಇಡಬೇಕಂತೆ, ಹುಡುಕಲಿ ಅಂತ ಆಸ್ಪತ್ರೆಯವರೇ ಹೇಳಿದ್ದಾರೆ. ಅಪ್ಪ ಮಗಳು ಬಾಚಣಿಗೆಯ ಗಾಡಿಯನ್ನು ಅತ್ತ ಇತ್ತ ಎಳೆದಾಡಿದರು. ಕೊನೆಗೆ ದಾಸೊಮ್ ಕನ್ನಡಿಯ ಎಡ ಅಂಚಿಗೆ ಉದ್ದಕ್ಕೂ ಕೆಂಪು ಪಟ್ಟಿ ಅಂಟಿಸಿದಳು. "ಅಮ್ಮಾ, ಕೆಂಪು ಕಾಣೋವರೆಗೂ ತಲೆ ತಿರುಗಿಸ್ಬೇಕು. ಅರ್ಧ ಕತ್ತರಿಸಿ ಆದ್ಮೇಲೆ ಕುರ್ಚಿ ತಿರುಗಿಸು. ಅವರು ನಿನ್ನ ಕಡೆ ಮುಖ ಮಾಡಿ ಕೂತ್ರೆ ಅವರ ಎಡಗಡೆ ನಿನ್ನ ಬಲಕ್ಕೆ ಬರುತ್ತೆ."

ಹಾಗೆ ಕೆಲಸ ಸಾಗಿತು. ಅರ್ಧ ಕತ್ತರಿಸಿ, ಕುರ್ಚಿ ತಿರುಗಿಸಿ, ಉಳಿದರ್ಧ. ಮರೆತರೆ ಗಿರಾಕಿಗಳೇ "ಬೊಕ್ಸಿಮೇ, ಕುರ್ಚಿ!" ಎಂದು ಕೂಗುತ್ತಿದ್ದರು. ಒಂದು ಕಿವಿಯ ಹತ್ತಿರ ಎಳೆಯೊಂದು ಉಳಿದರೆ ಮನೆಗೆ ಹೋಗಿ ತಾವೇ ಕತ್ತರಿಸಿಕೊಂಡರು. ಕೂದಲಿನ ವಿಷಯದಲ್ಲಿ ಊರು ಅವಳಿಗೆ ಧಾರಾಳವಾಗಿಯೇ ನಡೆದುಕೊಂಡಿತು.

ಕೆಟ್ಟದ್ದು ಬಾಯಿಯಿಂದ.

ಗುರ್ಯೆ ಎಂಬ ಊರಿನಿಂದ ಮದುವೆಯಾಗಿ ಬಂದದ್ದರಿಂದ ಗುರ್ಯೆ ಅಜ್ಜಿ ಎಂದೇ ಎಲ್ಲರೂ ಕರೆಯುವ ಮುದುಕಿಯೊಬ್ಬಳಿದ್ದಳು. ಪಾರ್ಲರು ತೆರೆದ ದಿನದಿಂದ ಬೊಕ್ಸಿಮಳ ಗಿರಾಕಿ. ಕೆಸರಿನಿಂದ ಕಪ್ಪೆಚಿಪ್ಪು ಹೆಕ್ಕಿ ತಂದಾಗಲೆಲ್ಲ ಒಂದು ಬೊಗಸೆ ಪಾರ್ಲರಿನ ಬಾಗಿಲಲ್ಲಿಟ್ಟು ಹೋಗುವವಳು. ಅವಳ ಅಳಿಯ ದೂರ ಸಮುದ್ರದ ಮೀನು ಹಡಗಿನಲ್ಲಿದ್ದಾನೆ, ವರ್ಷಗಟ್ಟಲೆ ದಡಕ್ಕೆ ಬರುವುದಿಲ್ಲ ಎಂದು ಊರೇ ತಿಳಿದಿತ್ತು.

ಸಂತೆಯ ದಿನ. ಅಂಗಡಿ ತುಂಬಿತ್ತು. ಹೇರ್ ಡ್ರೈಯರ್ ಒಂದು ಕಡೆ, ಟಿವಿ ಒಂದು ಕಡೆ, ಹಿಂದಿನ ಕೋಣೆಯಿಂದ ಗದ್ದಲ. ಯಾರೋ ಗುರ್ಯೆ ಅಜ್ಜಿಯನ್ನು ಸುಮ್ಮನೆ ಕೇಳಿದರು: "ಅಳಿಯಂದ್ರು ಹಬ್ಬಕ್ಕಾದ್ರೂ ಬರ್ತಾರಾ ಹಡಗಿಂದ?"

ಅಜ್ಜಿ ಬಾಯಿ ತೆರೆಯುವ ಮೊದಲೇ ರೋಲರ್ ಸುತ್ತುತ್ತಿದ್ದ ಬೊಕ್ಸಿಮ್ ಹೇಳಿದಳು: "ಯಾವ ಹಡಗು? ಜೈಲಲ್ಲಿದಾನಲ್ಲ. ಕುಡಿದು ಬಡಿದಾಡಿ ಒಬ್ಬನ ಕಣ್ಣು ಹೋಯ್ತಲ್ಲ, ಅದಕ್ಕೆ. ಬಿಡೋದು ಇನ್ನೂ ಲೇಟು."

ಡ್ರೈಯರ್ ಹಿಡಿದಿದ್ದ ಹೆಂಗಸು ಅದನ್ನು ಆರಿಸಿದಳು. ಗುರ್ಯೆ ಅಜ್ಜಿ ಕನ್ನಡಿಯಲ್ಲಿ ಬೊಕ್ಸಿಮಳ ಮುಖ ನೋಡುತ್ತಲೇ ಕೂತಳು, ಅಲ್ಲಿ ಹಗೆ ಇದೆಯೇ ಎಂದು ಹುಡುಕುವವಳಂತೆ. ಬೊಕ್ಸಿಮ್ ಮುಂದಿನ ರೋಲರ್ ಕೈಗೆತ್ತಿಕೊಂಡಿದ್ದಳು. ಅಜ್ಜಿ ಎದ್ದಳು. ಅರ್ಧ ತಲೆಗೆ ರೋಲರ್ ಹಾಗೇ ಇತ್ತು. ಮೇಲೊಂದು ಟವೆಲ್ ಎಳೆದುಕೊಂಡು, ಬಾಗಿಲು ತೆರೆದು, ಸಂತೆಯ ನಡುವೆ ನಡೆದು ಹೋದಳು.

ಸಂಜೆ ಚಾಂಗ್‌ಮುಕ್‌ಗೆ ಮಾತು ಮುಟ್ಟಿತು.

"ಯಾಕೆ ಹೇಳ್ದೆ?"

"ಅವರು ಕೇಳಿದ್ರು."

"ಕೇಳಿದ್ರೆ ಹೇಳಿಬಿಡೋದಾ?"

"ನಿಜ ಅಲ್ವಾ?"

"ನಿಜ ಅಂತಲೇ ಕಣೇ ಹೇಳಬಾರ್ದಾಗಿತ್ತು!"

ಬೊಕ್ಸಿಮ್ ಅದನ್ನು ಯೋಚಿಸಿದಳು. ಅದು ತಪ್ಪು ಎಂದು ಅವಳಿಗೆ ತಿಳಿಯುತ್ತಿತ್ತು. ತಪ್ಪು ಎಂದು ಅನ್ನಿಸುತ್ತಿರಲಿಲ್ಲ. ಇವೆರಡೂ ಬೇರೆ ಬೇರೆ ಎಂಬುದೇ ಅವಳಿಗೆ ಮೊದಲು ಗೊತ್ತಿರಲಿಲ್ಲ.

ಮುಂದಿನ ಸಂತೆಗೆ ಅಂಗಡಿಯಲ್ಲಿ ಮೂವರಿದ್ದರು. ಅದರ ಮುಂದಿನದಕ್ಕೆ ಒಬ್ಬರೂ ಇಲ್ಲ. ಯಾರೂ ಜಗಳ ಮಾಡಲಿಲ್ಲ, ಬಯ್ಯಲಿಲ್ಲ. ಪ್ರತಿಯೊಬ್ಬರೂ ತೊಟ್ಟಿಯಲ್ಲಿ ಕಣ್ಣು ಮುಚ್ಚಿ ತಾವೇನು ಹೇಳಿದ್ದೆವೆಂದು ನೆನಪಿಸಿಕೊಂಡರು, ಓಣಿಯ ಆಚೆ ಬದಿಯಲ್ಲಿ ನಡೆಯತೊಡಗಿದರು. ಆಚೆ ಬದಿ ಅವಳ ಕುರ್ಚಿಯಿಂದ ಎಡಕ್ಕೆ ಬರುತ್ತಿತ್ತು, ಹಾಗಾಗಿ ಅವಳಿಗೆ ಅವರು ಹೋಗುವುದೇ ಕಾಣುತ್ತಿರಲಿಲ್ಲ.

ಬೇಸಿಗೆ ಕಳೆಯಿತು. ಚಾಂಗ್‌ಮುಕ್ ದಿನಾ ಊಟಕ್ಕೆ ಅವಳ ಬಲಗಡೆ ಕೂರುತ್ತಿದ್ದ. ಒಂದು ದಿನ ಬಹಳ ಹೊತ್ತು ಮೀನಿನ ಮುಳ್ಳು ಬಿಡಿಸುತ್ತ ಕೂತಿದ್ದು ಕೇಳಿದ:

"ದಾಸೊಮಳ ಅಮ್ಮಾ, ನನ್ನ ಮೇಲೆ ಸಿಟ್ಟಿದೆಯಾ? ಗಾಡಿ ಓಡಿಸ್ತಿದ್ದವನು ನಾನು."

ಅವಳು ಚಮಚ ಕೆಳಗಿಟ್ಟು ಯೋಚಿಸಿದಳು. "ಇಲ್ಲ. ಹುಡುಕಿ ನೋಡ್ದೆ. ಸಿಟ್ಟೂ ಇಲ್ಲ, ಏನೂ ಇಲ್ಲ."

ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಮುಳ್ಳು ತೆಗೆದ ಮೀನನ್ನು ಅವಳ ಬಟ್ಟಲಿನ ಬಲಭಾಗಕ್ಕಿಟ್ಟು, ಶೆಡ್ಡಿಗೆ ಹೋಗಿ ರಿಪೇರಿಗೆ ಬಂದ ಬಾಯ್ಲರೊಂದನ್ನು ಪೂರ್ತಿ ಬಿಚ್ಚಿದ, ಮತ್ತೆ ಜೋಡಿಸಿದ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಮಳೆ ನಿಂತು ಭತ್ತ ಹಳದಿಗೆ ತಿರುಗುವಾಗ, ಸಂತೆಯಿಲ್ಲದ ಒಂದು ಬೆಳಿಗ್ಗೆ, ಗುರ್ಯೆ ಅಜ್ಜಿ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ತಲೆ ನೋಡುವಂತಿರಲಿಲ್ಲ. ಬೇರೆ ಪಾರ್ಲರಿನ ಹುಡುಗಿ ಹಾಕಿದ ಗುಂಗುರು ಎರಡು ತಿಂಗಳಿಗೆ ಬಿಚ್ಚಿ ಒಣಹುಲ್ಲಾಗಿತ್ತು.

"ನೀನೂ ಮಾತಾಡ್ಬ್ಯಾಡ, ನಾನೂ ಆಡಾಕಿಲ್ಲ" ಎಂದಳು. "ತಲೆ ಮಾಡು."

ಬೊಕ್ಸಿಮ್ ತಲೆ ಮಾಡಿದಳು. ಟಿವಿ ಆರಿತ್ತು, ಬೇರೆ ಯಾರೂ ಇರಲಿಲ್ಲ. ಅವಳ ಬೆರಳುಗಳಿಗೆ ಏನೂ ಆಗಿರಲಿಲ್ಲ. ನಿಶ್ಶಬ್ದದಲ್ಲಿ ಅವು ಹಳೆಯ ವೇಗಕ್ಕೆ ಬಂದವು. ಅರ್ಧ ಆದ ಮೇಲೆ ಕುರ್ಚಿ ತಿರುಗಿಸಿದಳು. ಇಬ್ಬರೂ ಮುಖಾಮುಖಿಯಾದರು.

ಮಾತಾಡುವುದಿಲ್ಲ ಎಂದ ಅಜ್ಜಿಯೇ ಮೊದಲು ಬಾಯಿ ಬಿಟ್ಟಳು. "ಮಗಳು ಫೋನ್ ಎತ್ತಾಕಿಲ್ಲ. ಬುಸಾನ್ ವರ್ಗೂ ಹೋಗಿದ್ದೆ, ಬಾಗಿಲೂ ತೆಗೀಲಿಲ್ಲ. ನೀನ್ಯಾಕೆ ಪಾರ್ಲರಿನೋಳಿಗೆ ಹೇಳ್ದೆ ಅಂತ ಒಳಗಿಂದ್ಲೇ ಕೂಗಿದ್ಳು. ಸರೀನೇ ಅಲ್ವಾ? ಹೇಳಿದ್ದು ನಾನು ತಾನೇ?"

"ಹೌದು" ಎಂದಳು ಬೊಕ್ಸಿಮ್.

ಅಜ್ಜಿ ಅವಳನ್ನೇ ದಿಟ್ಟಿಸಿದಳು. "ಅಲ್ಲ ಅಜ್ಜೀ ನಂದೇ ತಪ್ಪು ಅಂತ ಒಂದು ಮಾತು ಅನ್ನಾಕಾಗಾಕಿಲ್ವೇನೇ ನಿಂಗೆ?"

"ನಂದೂ ತಪ್ಪು. ಎರಡೂ."

ಅಜ್ಜಿ ಮೂಗಿನಲ್ಲೇ ಒಂದು ಸದ್ದು ಮಾಡಿದಳು. ಅದು ನಗುವೂ ಆಗಿರಬಹುದು. "ಬಿಗಿಯಾಗಿ ಸುತ್ತು. ಹೊಸವರ್ಷದ ತನಕ ಬರ್ಬೇಕು" ಎಂದು ಕಣ್ಣು ಮುಚ್ಚಿದಳು.

ಅವರ ನಡುವೆ ಎಲ್ಲವೂ ಸರಿಹೋಯಿತು ಎನ್ನುವಂತಿಲ್ಲ. ಬಾಗಿಲಲ್ಲಿ ಕಪ್ಪೆಚಿಪ್ಪು ಮತ್ತೆ ಕಾಣಲಿಲ್ಲ. ಬುಸಾನಿನ ಮಗಳು ಅಮ್ಮನೊಡನೆ ಇಂದಿಗೂ ಮಾತಾಡುವುದಿಲ್ಲ. ಆದರೆ ಅಜ್ಜಿಯ ಹಿಂದೆ ಇನ್ನು ಕೆಲವರು ಬಂದರು, ಒಬ್ಬೊಬ್ಬರಾಗಿ, ಸಂತೆಯಿಲ್ಲದ ಬೆಳಿಗ್ಗೆಗಳಲ್ಲಿ. ತೊಟ್ಟಿಯಲ್ಲಿ ಮಲಗಿದಾಗ ಹವೆಯ ಬಗ್ಗೆ ಮಾತಾಡಿದರು, ಇಲ್ಲವೇ ಬಾಯಿ ಬಿಗಿಹಿಡಿದರು. ಬೊಕ್ಸಿಮಳಿಗೂ ಅದು ಅನುಕೂಲವೇ ಆಯಿತು. ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚಿ ಮಲಗುತ್ತಿದ್ದಳು.

ದಾಸೊಮ್ ಮದುವೆ ನಿಶ್ಚಯವಾದದ್ದು ಆ ಚಳಿಗಾಲದಲ್ಲಿ. ಹುಡುಗ ಉಜಿನ್, ಯೊಸು ಬಂದರಿನವನು. ಅವನ ಅಪ್ಪ ತೀರಿಕೊಂಡಿದ್ದರು, ತಾಯಿ ಒಣಮೀನಿನ ಅಂಗಡಿ ನಡೆಸಿಕೊಂಡು ಮಗನನ್ನು ಬೆಳೆಸಿದವಳು. ಎರಡೂ ಮನೆಯ ಹಿರಿಯರು ಹೋಟೆಲಿನ ಕೋಣೆಯೊಂದರಲ್ಲಿ ಕೂತು ಊಟ ಮಾಡಿ ಮಾತು ಗಟ್ಟಿಮಾಡಿಕೊಳ್ಳಬೇಕಿತ್ತು.

ಹಿಂದಿನ ದಿನ ಮನೆಯಲ್ಲಿ ಅಪ್ಪ ಮಗಳ ಗುಸುಗುಸು. ಉಜಿನ್‌ಗೆ ಎಲ್ಲ ಗೊತ್ತಿತ್ತು. ಅವನ ಅಮ್ಮನಿಗೆ ಹೇಳಿರಲಿಲ್ಲ.

"ಮದುವೆ ಆಗಲಿ, ಆಮೇಲೆ ಹೇಳಿದ್ರಾಯ್ತು" ಎಂದ ಚಾಂಗ್‌ಮುಕ್. "ನೋಡೋಕೆ ಏನೂ ಗೊತ್ತಾಗಲ್ಲ. ಸುಮ್ನೆ ಊಟ ಮಾಡಿ ಬಂದ್ರೆ ಮುಗೀತು."

"ಅಮ್ಮಾ, ನಾಳೆ ಅವರು ಏನ್ ಕೇಳಿದ್ರೂ ಹೂಂ ಅನ್ನು, ನಗು. ಅಷ್ಟೇ. ಸರೀನಾ?"

"ಸರಿ" ಎಂದಳು ಬೊಕ್ಸಿಮ್.

ದಾಸೊಮ್ ತಾನೇ ಅಮ್ಮನ ಮುಖಕ್ಕೆ ಪೌಡರ್ ಹಚ್ಚಿ, ಎರಡೂ ಅರ್ಧಕ್ಕೆ ಲಿಪ್‌ಸ್ಟಿಕ್ ಬಳಿದು ಕರೆದೊಯ್ದಳು. ಬೊಕ್ಸಿಮಳ ಎಡಗಡೆ ಗೋಡೆ ಬರುವಂತೆ ಕೂರಿಸುವುದೆಂದು ಅಪ್ಪ ಮಗಳು ಯೋಜನೆ ಹಾಕಿದ್ದರು. ಆದರೆ ಬೀಗಿತ್ತಿ ಮೊದಲೇ ಬಂದು ಕೂತಿದ್ದಳು, ಎದ್ದು ಬಗ್ಗಿ ನಮಸ್ಕರಿಸಿ, "ಬನ್ನಿ ಬನ್ನಿ, ಹೆಂಗಸರು ನಾವಿಬ್ರೂ ಒಂದೇ ಕಡೆ ಕೂರೋಣ" ಎಂದು ಬೊಕ್ಸಿಮಳನ್ನು ಕೈಹಿಡಿದು ಕೂರಿಸಿಕೊಂಡಳು. ಅವಳ ಎಡಗಡೆಗೇ ಕೂತಳು.

ಊಟ ಬಂತು. ಮೇಜಿನ ತುಂಬ ಬಟ್ಟಲು. ಬೀಗಿತ್ತಿ ಒಳ್ಳೆಯ ಮಾತುಗಾರ್ತಿ.

"ನಿಮ್ಮ ಮಗಳನ್ನ ಎಷ್ಟು ಚೆನ್ನಾಗಿ ಬೆಳೆಸಿದೀರಿ! ನಮ್ಮೋನು ಪೆದ್ದ, ಇವಳೇ ತಿದ್ಕೋಬೇಕು."

ಬೊಕ್ಸಿಮ್ ಎದುರಿಗಿದ್ದ ಉಜಿನ್‌ನನ್ನು ನೋಡಿ, ಹೇಳಿಕೊಟ್ಟ ಹಾಗೆ ನಕ್ಕು, "ಹೂಂ" ಎಂದಳು.

ಬೀಗಿತ್ತಿಯ ನಗು ಮಾಸಿತು. ಮತ್ತೆ ನಗು ತಂದುಕೊಂಡು, ಒಳ್ಳೆಯ ಮೀನಿನ ತುಂಡೊಂದನ್ನು ಊಟದ ಕಡ್ಡಿಯಿಂದ ಎತ್ತಿ ಬೊಕ್ಸಿಮಳ ಬಟ್ಟಲಿನ ಎಡಬದಿಗೆ ಇಟ್ಟಳು. "ತಗೊಳ್ಳಿ ಬೀಗಿತ್ತಿ." ಬೊಕ್ಸಿಮ್ ಅದನ್ನು ಮುಟ್ಟಲಿಲ್ಲ. ಬೀಗಿತ್ತಿ ಇನ್ನೊಂದು ತುಂಡು ಇಟ್ಟಳು. ಅದೂ ಅಲ್ಲೇ ತಣ್ಣಗಾಯಿತು. ಬೊಕ್ಸಿಮ್ ಬಲಗಡೆಯ ಸೊಪ್ಪನ್ನೇ ಮತ್ತೆ ಮತ್ತೆ ತಿನ್ನುತ್ತಿದ್ದಳು. ಒಂದು ಸಲವೂ ಪಕ್ಕಕ್ಕೆ ತಿರುಗಲಿಲ್ಲ.

ಬೀಗಿತ್ತಿಯ ಕುತ್ತಿಗೆ ಕೆಂಪೇರಿತು. ಕಡ್ಡಿ ಕೆಳಗಿಟ್ಟಳು. "ಒಣಮೀನು ಮಾರೋರ ಕೈಯಿಂದ ತಿನ್ನೋಕೆ ಮನಸ್ಸಿಲ್ವೇನೋ" ಎಂದಳು, ಯಾರಿಗೂ ಅಲ್ಲವೆಂಬಂತೆ.

ಚಾಂಗ್‌ಮುಕ್ ಕೆಮ್ಮಿದ. ದಾಸೊಮ್ ಮೇಜಿನ ಕೆಳಗೆ ಅಮ್ಮನ ಕಾಲು ತುಳಿದಳು, ತುಳಿದದ್ದು ಎಡಗಾಲನ್ನು. ಬೊಕ್ಸಿಮಳಿಗೆ ಒಣಮೀನಿನ ಮಾತು ಕೇಳಿಸಿತ್ತು. ಮಾತು ಎಲ್ಲಿಂದ ಬಂತೆಂದು ಅವಳು ಬಲದಿಂದ ಹುಡುಕುತ್ತ ಬಂದಳು: ಮಗಳು, ಗಂಡ, ಉಜಿನ್. ಮೂವರ ಬಾಯಿಯೂ ಮುಚ್ಚಿತ್ತು. ಹಾಗಾದರೆ ಇನ್ನೊಂದು ಕಡೆ ಎಂಬುದೊಂದಿದೆ ಎಂದು ಲೆಕ್ಕ ಹಾಕಿ ಕುತ್ತಿಗೆಯನ್ನು ಪೂರ್ತಿ ಎಡಕ್ಕೆ ಹೊರಳಿಸಿದಳು. ಅಲ್ಲಿ, ತೀರ ಹತ್ತಿರದಲ್ಲಿ, ಕಣ್ಣಲ್ಲಿ ನೀರು ತುಂಬಿಕೊಂಡ ಹೆಂಗಸೊಬ್ಬಳು ಕೂತಿದ್ದಳು.

"ಅಯ್ಯೋ, ನೀವು ಇಲ್ಲಿದೀರಾ!" ಎಂದಳು ಬೊಕ್ಸಿಮ್. "ನನಗೆ ಎಡಗಡೆ ಇಲ್ಲ ಬೀಗಿತ್ತಿ. ತಲೆಗೆ ಏಟು ಬಿದ್ದು ಹೋಗಿದೆ. ಇವರು ಹೇಳಬೇಡ ಅಂದಿದ್ರು. ಈ ಕಡೆ ಬಂದು ಕೂತ್ಕೊಳ್ಳಿ, ಆಗ ಕಾಣ್ತೀರಿ."

ದಾಸೊಮ್ ಮುಖ ಮುಚ್ಚಿಕೊಂಡಳು. ಬೀಗಿತ್ತಿ ಮಗನನ್ನು ನೋಡಿದಳು, ಚಾಂಗ್‌ಮುಕ್‌ನನ್ನು ನೋಡಿದಳು. ಆಮೇಲೆ ಅವಳ ಬಾಯಿಂದ ಬಂದದ್ದು ವ್ಯಾಪಾರದ ಹೆಂಗಸಿನ ಪ್ರಶ್ನೆ:

"ಇದು... ವಂಶದಲ್ಲಿ ಬರೋದಾ?"

"ಲಾರಿ ಬಂದು ಗುದ್ದಿದ್ದು" ಎಂದಳು ಬೊಕ್ಸಿಮ್. "ನಮ್ಮ ವಂಶದಲ್ಲಿ ಲಾರಿ ಇಲ್ಲ."

ಮೊದಲು ನಕ್ಕವನು ಉಜಿನ್. ತಡೆದುಕೊಳ್ಳಲು ಹೋಗಿ ಸಾರು ನೆತ್ತಿಗೇರಿತು. ಬೀಗಿತ್ತಿ ನಗಲಿಲ್ಲ, ಆದರೆ ಎದ್ದಳು. ತನ್ನ ಬಟ್ಟಲು, ಕಡ್ಡಿ ತೆಗೆದುಕೊಂಡು ಬೊಕ್ಸಿಮಳ ಬೆನ್ನ ಹಿಂದಿನಿಂದ ಸುತ್ತಿ ಬಂದು ಬಲಗಡೆ ಕೂತಳು. ಕೂತು ಚಾಂಗ್‌ಮುಕ್‌ಗೆ ಹೇಳಿದಳು: "ಬೀಗರೇ, ಇದನ್ನ ಮುಚ್ಚಿಡೋಕೆ ಹೊರಟ್ರಲ್ಲ, ನಾನೇನು ಪರಕೀಯಳಾ? ಇದಕ್ಕೆ ನನಗೆ ಬೇಜಾರಿದೆ. ಆಕೆ ಮೇಲೆ ಏನಿಲ್ಲ." ಆ ಬೇಜಾರು ಕೆಲವು ತಿಂಗಳು ಇತ್ತು. ಸೀಗಡಿಯ ಕಟ್ಟು ಕಳಿಸುವಾಗಲೆಲ್ಲ ಅದರ ಮೇಲೆ ಬೊಕ್ಸಿಮಳ ಹೆಸರು ಮಾತ್ರ ಬರೆದಿರುತ್ತಿದ್ದಳು.

ಮದುವೆ ವಸಂತದಲ್ಲಿ ಆಯಿತು. ಎರಡೂ ಕಡೆಯ ತಾಯಂದಿರು ಜೊತೆಯಾಗಿ ವೇದಿಕೆಗೆ ನಡೆದು ಹೋಗಿ ಮೇಣದಬತ್ತಿ ಹಚ್ಚಬೇಕು. ಬೀಗಿತ್ತಿ ಎಡಕ್ಕೆ, ಬೊಕ್ಸಿಮ್ ಬಲಕ್ಕೆ. ಅದು ಪದ್ಧತಿ, ಬದಲಿಸುವಂತಿಲ್ಲ. ಬೀಗಿತ್ತಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದು, "ನಾನಿಲ್ಲಿದೀನಿ, ಇಲ್ಲಿದೀನಿ" ಎಂದು ಹೆಜ್ಜೆಗೊಮ್ಮೆ ಪಿಸುಗುಟ್ಟುತ್ತ ನಡೆದಳು. ಬತ್ತಿ ಹಚ್ಚಿ ಇಳಿಯುವಾಗ ಬೀಗಿತ್ತಿ ಅಳುತ್ತಿದ್ದಳು. ಮಗಳು ನಮಸ್ಕರಿಸುವಾಗ ಚಾಂಗ್‌ಮುಕ್ ಅತ್ತ. ದಾಸೊಮ್ ಅತ್ತಳು. ಬೊಕ್ಸಿಮ್ ಮಗಳ ತಲೆಯನ್ನು ನೋಡುತ್ತಿದ್ದಳು. ಹೊರಗಿನ ಪಾರ್ಲರಿನವರು ಕಟ್ಟಿದ ತುರುಬು. ಒಂದು ಪಿನ್ನು ಸಡಿಲವಾಗಿತ್ತು. ಕೈ ಚಾಚಿ ಅದನ್ನು ಒಳಗೆ ತಳ್ಳಿದಳು.

ಊಟದ ಗದ್ದಲ ಶುರುವಾಗುವ ಮೊದಲೇ ಅವಳ ಶಕ್ತಿ ಮುಗಿದಿತ್ತು. ಮದುಮಗಳ ಕೋಣೆಯ ಸೋಫಾದ ಮೇಲೆ, ಹೂಗುಚ್ಛಗಳ ನಡುವೆ, ಹಬ್ಬದ ರೇಷ್ಮೆ ಉಡುಪು ಹನ್ಬೊಕ್‌ನಲ್ಲೇ ನಿದ್ದೆ ಹೋದಳು. ಚಾಂಗ್‌ಮುಕ್ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತ, ಒಳಗೆ ಬರುವವರನ್ನು ತಡೆಯುತ್ತ.

ಈಗ ಬೊಕ್ಸಿಮಳ ಎಡಗಡೆ ಸ್ವಲ್ಪ ಬಂದಿದೆ, ಆದರೆ ಪೂರ್ತಿ ಬರುವುದಿಲ್ಲವಂತೆ. ರಸ್ತೆ ದಾಟುವಾಗ ಯಾರಾದರೂ ಜೊತೆಗಿರಬೇಕು. ಪಾರ್ಲರು ಬೆಳಗಿನ ಹೊತ್ತು ತೆರೆದಿರುತ್ತದೆ. ದಾಸೊಮ್ ದಿನಾ ಸಂಜೆ ಫೋನ್ ಮಾಡುತ್ತಾಳೆ; ಅಮ್ಮ ತಾನಾಗಿ ಮಾಡುವುದಿಲ್ಲ ಎಂಬುದನ್ನು ಒಪ್ಪಿಕೊಂಡಿದ್ದಾಳೆ.

ಹೋದ ತಿಂಗಳು ಒಂದು ಸಂಜೆ ದಾಸೊಮ್ ಫೋನಿನಲ್ಲಿ, ತಾನು ಬಸುರಿ ಎಂದಳು. ಆ ಕಡೆಯಿಂದ "ಹೌದಾ" ಎಂದು ಬಂತು. ದಾಸೊಮ್ ಕಾದಳು. ಕೊನೆಗೆ ತಡೆಯಲಾರದೆ ಕೇಳಿದಳು:

"ಅಮ್ಮಾ, ಖುಷಿ ಆಯ್ತಾ?"

"ತಡಿ, ನೋಡ್ತೀನಿ."

ಫೋನಿನಲ್ಲಿ ಬಹಳ ಹೊತ್ತು ಉಸಿರಷ್ಟೇ ಕೇಳಿಸಿತು. "ಆಗಿದೆ ಅನ್ಸುತ್ತೆ" ಎಂದಳು ಬೊಕ್ಸಿಮ್. "ಸರಿಯಾಗಿ ಗೊತ್ತಾಗ್ತಿಲ್ಲ. ನಾಳೆ ಕೇಳು."

ಮರುದಿನ ಕನ್ನಡಕದ ಅಂಗಡಿಯಲ್ಲಿ ದಾಸೊಮ್ ಗಿರಾಕಿಯ ಕಣ್ಣು ಪರೀಕ್ಷೆ ಮಾಡುತ್ತಿದ್ದಾಗ ಫೋನ್ ಹೊಡೆದುಕೊಂಡಿತು. ಅಮ್ಮನ ಹೆಸರು ನೋಡಿ ಅವಳಿಗೆ ಗಾಬರಿಯಾಯಿತು; ಅಪ್ಪನಿಗೇನಾದರೂ ಆಯಿತೇ ಎಂದು ಹೊರಗೋಡಿ ಬಂದಳು.

"ಆಗಿದೆ" ಎಂದಳು ಬೊಕ್ಸಿಮ್. "ಬೆಳಿಗ್ಗೆ ಎದ್ದಾಗ ಇತ್ತು." ಆಮೇಲೆ, ಬಸುರಿಯರು ಏಡಿ ತಿನ್ನಬಾರದು, ಕೂದಲಿಗೆ ಬಣ್ಣ ಹಚ್ಚಬಾರದು ಎಂದು ಹೇಳಿ ಇಟ್ಟುಬಿಟ್ಟಳು.